ಗೋಬಿ ಬಿಟ್ಟ ದುಡ್ಡು ಕರಗದ ಹಾಗೆ

ಆಫೀಸಿನ ಹತ್ತು ಜನ ಒಂದು ತಿಂಗಳು ಗೋಬಿ ಮಂಚೂರಿ ಬಿಟ್ಟು, ಆ ದುಡ್ಡನ್ನು ಅನಾಥಾಶ್ರಮಕ್ಕೆ ಕೊಡೋದು ಹೇಗೆ ಅಂತ ಕೇಳಿದ್ದೀರಿ. ತುಂಬಾ ಒಳ್ಳೆ ಕೆಲಸ ಸರ್, ಖಂಡಿತ ಮಾಡಿ.

ಬರೀ "ಜಂಕ್ ಬಿಡ್ತೀವಿ" ಅನ್ನಬೇಡಿ. ಗೋಬಿ, ಬಜ್ಜಿ, ಪಫ್ಸ್ ಅಂತ ಹೆಸರು ಹಿಡಿದೇ ಬರೆದಿಡಿ. ಇಲ್ಲದಿದ್ದರೆ ಗೋಬಿ ದುಡ್ಡು ಬಜ್ಜಿಗೆ ಹೋಗುತ್ತೆ. ಪ್ಲೇಟಿಗೆ 60 ರೂಪಾಯಿ, ವಾರಕ್ಕೆ ಮೂರು ಸಲ ಅಂದ್ರೆ ನಾಲ್ಕು ವಾರಕ್ಕೆ ತಲಾ 720, ಎಲ್ಲರದ್ದೂ ಸೇರಿ 7,200. ಅವತ್ತಿನದು ಅವತ್ತೇ, ಗಾಡಿ ಹತ್ರ ಹೋಗೋ ಹೊತ್ತಿಗೇ ಡಬ್ಬಿಗೆ ಬೀಳಲಿ. ತಿಂಗಳ ಕೊನೆಗೆ ಕೊಡ್ತೀನಿ ಅಂದ್ರೆ ಪೆಟ್ರೋಲಿಗೋ ರೀಚಾರ್ಜಿಗೋ ಖರ್ಚಾಗಿರುತ್ತೆ. ಸಂಜೆ ಐದರ ಹಸಿವಿಗೆ ಹುರಿದ ಕಡ್ಲೆಬೀಜ ಡ್ರಾಯರಿನಲ್ಲಿರಲಿ.

ಡಬ್ಬಿಯ ದುಡ್ಡನ್ನೆಲ್ಲ ಆಶ್ರಮಕ್ಕೆ ಒಬ್ಬರೇ ಕಳಿಸಿದರೆ ರಸೀದಿಯೂ ಒಬ್ಬರ ಹೆಸರಿಗೇ ಬರುತ್ತೆ. ತೆರಿಗೆ ವಿನಾಯಿತಿ ಬೇಕಾದವರು ಪ್ಯಾನ್ ಕೊಟ್ಟು ತಮ್ಮ ಪಾಲನ್ನು ನೇರ ಸಂಸ್ಥೆಯ ಖಾತೆಗೇ ಹಾಕಲಿ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಅದು ಸಿಗಲ್ಲ.