ತಮ್ಮನ ಕಿಡ್ನಿ ಚೇತರಿಸಿತು, ಅಮ್ಮನದೇಕೆ ಇಲ್ಲ?

ಪ್ರಶ್ನೆ: ವಾಂತಿಭೇದಿ ವಿಪರೀತವಾಗಿ ತಮ್ಮನ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ, ರಕ್ತದಲ್ಲಿನ ತ್ಯಾಜ್ಯ) 6ಕ್ಕೆ ಏರಿತ್ತು. ಡಯಾಲಿಸಿಸ್ ಕೂಡ ಬೇಕಾಯಿತು. ಕೆಲವೇ ವಾರಗಳಲ್ಲಿ 1.1ಕ್ಕೆ ಇಳಿಯಿತು. ಅಮ್ಮನಿಗೆ ಬಹುಕಾಲದ ಸಕ್ಕರೆ ಕಾಯಿಲೆ, ಕ್ರಿಯಾಟಿನಿನ್ 3. ಅದು ಮೊದಲಿನಂತಾಗುವುದಿಲ್ಲ ಎನ್ನುತ್ತಾರೆ ವೈದ್ಯರು. ಹೀಗೇಕೆ? ಕಿಡ್ನಿಯನ್ನು ಮತ್ತೆ ಬೆಳೆಸುವ ಪುಡಿಯೊಂದನ್ನು ಪರಿಚಿತರು ಸೂಚಿಸಿದ್ದಾರೆ. ಕೊಡಬಹುದೇ?
– ಹೆಸರು ಬೇಡ

ಉತ್ತರ: ದಯವಿಟ್ಟು ಕೊಡಬೇಡಿ. ಹೊಸ ನೆಫ್ರಾನ್ ಬೆಳೆಸುವ ಔಷಧ ಇಂದಿನವರೆಗೆ ಬಂದಿಲ್ಲ. ಅಂಥ ಕೆಲವು ಪುಡಿಗಳಲ್ಲಿ ಸೀಸ, ಪಾದರಸ ಬೆರೆತಿರುವುದುಂಟು. ಉಳಿದಿರುವ ಕಿಡ್ನಿಗೂ ಅವು ವಿಷ.

ನೆಫ್ರಾನ್ ಎಂದರೆ ರಕ್ತ ಸೋಸುವ ಒಂದು ಜರಡಿ, ಅದಕ್ಕೆ ಅಂಟಿದ ಒಂದು ಸಣ್ಣ ನಾಳ. ಪ್ರತಿ ಕಿಡ್ನಿಯಲ್ಲಿ ಸರಾಸರಿ 10 ಲಕ್ಷ ಇರುತ್ತವೆ. ನಿಮ್ಮ ತಮ್ಮನಿಗೆ ಪೆಟ್ಟು ಬಿದ್ದದ್ದು ನಾಳಕ್ಕೆ. ನೀರಿನಂಶ ಬತ್ತಿ ರಕ್ತದ ಹರಿವು ಕುಗ್ಗಿದಾಗ ನಾಳದ ಒಳಗೋಡೆಯ ಜೀವಕೋಶಗಳು ಸತ್ತು ಕಳಚಿಕೊಳ್ಳುತ್ತವೆ. ಆಮೇಲೆ ನಡೆಯುವುದನ್ನು ಬಯಾಪ್ಸಿಯಲ್ಲಿ ನೋಡುವಾಗ ಇಷ್ಟು ವರ್ಷಗಳ ನಂತರವೂ ನನಗೆ ಬೆರಗು. ಬದುಕುಳಿದ ಕೋಶಗಳು ತಮ್ಮ ಎತ್ತರದ ಆಕಾರ ಬಿಟ್ಟು ಚಪ್ಪಟೆಯಾಗಿ, ಬರಿದಾದ ಜಾಗದ ಮೇಲೆ ಹರಡಿ, ವಿಭಜನೆಗೊಂಡು, ಮತ್ತೆ ಹಳೆಯ ರೂಪಕ್ಕೂ ಕೆಲಸಕ್ಕೂ ಮರಳುತ್ತವೆ. ಚೇತರಿಕೆಯ ದಿನಗಳಲ್ಲಿ ಕೆಲವರಿಗೆ ಮೂತ್ರ ವಿಪರೀತವಾಗಿ ಹೋಗುತ್ತದೆ. ಮನೆಯವರು ಸಂತೋಷಪಡುತ್ತಾರೆ, ನಾವು ಇನ್ನಷ್ಟು ಎಚ್ಚರವಾಗುತ್ತೇವೆ. ಹೊಸ ಕೋಶಗಳು ನೀರು, ಲವಣಗಳನ್ನು ಹಿಂದಕ್ಕೆ ಹೀರಿಕೊಳ್ಳುವಷ್ಟು ಇನ್ನೂ ಬಲಿತಿರುವುದಿಲ್ಲ.

ಅಮ್ಮನಲ್ಲಿ ಮುಖ್ಯವಾಗಿ ಹಾಳಾಗಿರುವುದು ಜರಡಿ. ಅದನ್ನು ಕಾಯುವ ಪೋಡೋಸೈಟ್ ಕೋಶಗಳು ವಿಭಜನೆಯಾಗುವುದಿಲ್ಲ ಎಂದೇ ಹೇಳಬಹುದು. ಕಳೆದುಹೋದ ಜಾಗದಲ್ಲಿ ಕಲೆಗಟ್ಟುತ್ತದೆ. ಹಾಗೆ ನಷ್ಟವಾದ ನೆಫ್ರಾನಿಗೆ ಬದಲಿ ಹುಟ್ಟುವುದಿಲ್ಲ; ಗರ್ಭದಲ್ಲಿ ಸುಮಾರು 36ನೇ ವಾರಕ್ಕೇ ಆ ಕೆಲಸ ಮುಗಿದಿರುತ್ತದೆ. (ಜೀಬ್ರಾ ಮೀನು ಬೆಳೆದ ಮೇಲೂ ಹೊಸ ನೆಫ್ರಾನ್ ಕಟ್ಟಿಕೊಳ್ಳಬಲ್ಲದು. ಮನುಷ್ಯನಿಗೆ ಆ ಭಾಗ್ಯವಿಲ್ಲ.) ಉಳಿದವು ಹಿಗ್ಗಿ ಹೆಚ್ಚು ದುಡಿಯುತ್ತವೆ, ಆ ದುಡಿಮೆಯೇ ಅವನ್ನು ಸವೆಸುತ್ತದೆ. ಅಮ್ಮನಿಗೆ ಕೊಡುವ ರಕ್ತದೊತ್ತಡದ ಮಾತ್ರೆ, ಸಕ್ಕರೆ ನಿಯಂತ್ರಣ ಎಲ್ಲವೂ ಆ ಸವೆತವನ್ನು ನಿಧಾನಗೊಳಿಸುವುದಕ್ಕಾಗಿ.

ತಮ್ಮನನ್ನೂ ಮರೆಯಬೇಡಿ. 1.1 ಎಂದರೆ ಎಲ್ಲವೂ ಮೊದಲಿನಂತಾಯಿತು ಎಂದಲ್ಲ. ಕ್ರಿಯಾಟಿನಿನ್ ಸಣ್ಣ ನಷ್ಟವನ್ನು ತೋರಿಸಿಕೊಡುವುದಿಲ್ಲ, ದುರಸ್ತಿ ಅರೆಬರೆಯಾದ ಕಡೆ ಕಲೆ ಉಳಿದಿರಬಹುದು. ಮೂರು ತಿಂಗಳಾದಾಗ ಕ್ರಿಯಾಟಿನಿನ್ ಜೊತೆಗೆ ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಸೋರುತ್ತಿದೆಯೇ ಎಂಬ ಪರೀಕ್ಷೆಯನ್ನೂ ಮಾಡಿಸಿ. ಡೈಕ್ಲೋಫಿನ್ಯಾಕ್, ಐಬುಪ್ರೊಫೇನ್‌ನಂಥ ನೋವಿನ ಮಾತ್ರೆಗಳನ್ನು ಅವರು ಸ್ವಂತಕ್ಕೆ ನುಂಗಬಾರದು.

ನೀವು ಕೇಳದ ಒಂದು ಮಾತು. ಅಮ್ಮನಿಗೆ ವಾಂತಿಭೇದಿಯೋ ಜ್ವರವೋ ಬಂದು ಕ್ರಿಯಾಟಿನಿನ್ 3ರಿಂದ ಥಟ್ಟನೆ 5ಕ್ಕೆ ಏರಿದರೆ, ಹಳೆಯ ಕಾಯಿಲೆಯೇ ಮುಂದುವರಿಯಿತೆಂದು ಮನೆಯಲ್ಲಿ ಕೂರಬೇಡಿ. ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಉಳಿದ ನೆಫ್ರಾನ್‌ಗಳ ನಾಳಗಳಿಗೆ ಬಿದ್ದ ಹೊಸ ಪೆಟ್ಟು ಅದಾಗಿದ್ದರೆ, ತಮ್ಮನದರಂತೆ ಬಹುಮಟ್ಟಿಗೆ ವಾಸಿಯಾಗಬಲ್ಲದು.