ಪ್ರಶ್ನೋತ್ತರ: ಒಂದು ಪುಟಕ್ಕೆ ಎಷ್ಟು ಸೆಕೆಂಡು?

ಪ್ರಶ್ನೆ: ಸೂಪರ್‌ಹೀರೋ ಕಾಮಿಕ್ಸ್ ಓದಿ ಆಮೇಲೆ ಅದರ ಅನಿಮೇಷನ್ ಚಿತ್ರ ನೋಡಿದರೆ, ಕೆಲವು ಸಲ ಪುಸ್ತಕವೇ ಎದ್ದು ಓಡಾಡಿದಂತಿರುತ್ತದೆ. ಇನ್ನು ಕೆಲವು ಸಲ ಯಾರೋ ಗಡಿಬಿಡಿಯಲ್ಲಿ ಸಾರಾಂಶ ಹೇಳಿ ಮುಗಿಸಿದಂತಿರುತ್ತದೆ. ಯಾಕೆ ಹೀಗೆ?

ಉತ್ತರ: ಮೊದಲು ಒಂದು ಸಣ್ಣ ಭಾಗಾಕಾರ ಮಾಡಿ. ಬ್ಯಾಟ್‌ಮ್ಯಾನ್, ಸೂಪರ್‌ಮ್ಯಾನ್‌ರ ಪ್ರಕಾಶಕರಾದ ಡಿಸಿಯ ಕಾಮಿಕ್ಸ್ ಆಧರಿಸಿ, ಚಿತ್ರಮಂದಿರಕ್ಕೆ ಹೋಗದೆ ನೇರವಾಗಿ ಡಿಸ್ಕಿಗೆ ಬಂದ ಚಿತ್ರಗಳಲ್ಲಿ ಬಹುಪಾಲು ಒಂದೂಕಾಲು ಗಂಟೆಯ ಆಸುಪಾಸಿನವು. ಮೂಲ ತೆಳ್ಳಗಿರಲಿ, ದಪ್ಪಗಿರಲಿ, ಅಂಗಿಯ ಅಳತೆ ಮಾತ್ರ ಒಂದೇ. 1987ರ ‘ಬ್ಯಾಟ್‌ಮ್ಯಾನ್: ಇಯರ್ ಒನ್’ ನಾಲ್ಕು ಸಂಚಿಕೆಯ ಕಥೆ, ನೂರರ ಹತ್ತಿರ ಪುಟ. 2011ರ ಚಿತ್ರ 64 ನಿಮಿಷ. ಅಂದರೆ ಪುಟಕ್ಕೆ ಸುಮಾರು 40 ಸೆಕೆಂಡು. ಆರಾಮಾಗಿ ಕೂತಿದೆ. ‘ಆಲ್-ಸ್ಟಾರ್ ಸೂಪರ್‌ಮ್ಯಾನ್’ 12 ಸಂಚಿಕೆ, 260ಕ್ಕೂ ಮೇಲೆ ಪುಟ. ಚಿತ್ರ 76 ನಿಮಿಷ. ಪುಟಕ್ಕೆ 17 ಸೆಕೆಂಡು. ಡಾರ್ವಿನ್ ಕುಕ್ ಅವರ ‘ನ್ಯೂ ಫ್ರಾಂಟಿಯರ್’ ಸುಮಾರು 400 ಪುಟ, ಚಿತ್ರ 75 ನಿಮಿಷ. ಪುಟಕ್ಕೆ 11 ಸೆಕೆಂಡು! ಅಷ್ಟರಲ್ಲಿ ಪಾತ್ರಗಳ ಮಾತು ಬರೆದ ಬಲೂನುಗಳನ್ನು ಓದಿ ಮುಗಿಸುವುದೂ ಕಷ್ಟ.

ನಮ್ಮ ಅಂದಾಜಿನಲ್ಲಿ 30ರಿಂದ 45 ಸೆಕೆಂಡು ಹದವಾದ ಅಳತೆ. 20ಕ್ಕಿಂತ ಇಳಿದರೆ ಏನೋ ಕತ್ತರಿ ಬಿದ್ದಿದೆ ಎಂದೇ ಲೆಕ್ಕ. ಕತ್ತರಿಗೆ ಮೊದಲು ಸಿಗುವುದು ಕಥೆಯ ಓಟಕ್ಕೆ ಬೇಡದ, ಆದರೆ ಓದುಗ ಮರೆಯದ ಪುಟ. ‘ಆಲ್-ಸ್ಟಾರ್’ನಲ್ಲಿ ಕಟ್ಟಡದ ಅಂಚಿನಿಂದ ಹಾರಿ ಸಾಯಲು ನಿಂತ ಹುಡುಗಿಯ ಹಿಂದೆ ಸೂಪರ್‌ಮ್ಯಾನ್ ಬಂದು ನಿಂತು, ನೀನು ಅಂದುಕೊಂಡದ್ದಕ್ಕಿಂತ ಗಟ್ಟಿಗಿತ್ತಿ ಎಂದು ಸಮಾಧಾನ ಹೇಳುವ ಒಂದೇ ಒಂದು ಪುಟವಿದೆ. ಆ ಪುಸ್ತಕದ ಹೆಸರೆತ್ತಿದರೆ ಹೆಚ್ಚಿನವರು ನೆನೆಯುವುದು ಅದನ್ನೇ. ಚಿತ್ರದಲ್ಲಿ ಅದಿಲ್ಲ.

ಪ್ರಶ್ನೆ: ಹಾಗಾದರೆ ಮೂಲ ಚಿಕ್ಕದಿದ್ದಷ್ಟೂ ಚಿತ್ರ ಚೆನ್ನಾಗಿರಬೇಕಲ್ಲ?

ಉತ್ತರ: ಆಗ ತೊಂದರೆ ತಿರುಗುಮುರುಗಾಗುತ್ತದೆ. ಅಲನ್ ಮೂರ್, ಬ್ರಯನ್ ಬೊಲ್ಯಾಂಡ್ ಅವರ ‘ದ ಕಿಲ್ಲಿಂಗ್ ಜೋಕ್’ (1988) 50 ಪುಟವೂ ಇಲ್ಲದ ಕಥೆ. 2016ರ ಚಿತ್ರಕ್ಕೆ ಅದು ಸಾಲದೆ, ಮೊದಲ ಅರ್ಧ ಗಂಟೆಯಷ್ಟು ಬ್ಯಾಟ್‌ಮ್ಯಾನ್‌ನ ಜೊತೆಗಾತಿ ಬ್ಯಾಟ್‌ಗರ್ಲ್‌ಳ ಹೊಸ ಕಥೆ ಹೆಣೆದರು. ಮೂಲದಲ್ಲಿ ಆಕೆ ಬರೀ ಗುಂಡೇಟು ತಿನ್ನುವ ಪಾತ್ರ ಎಂಬ ಹಳೆಯ ದೂರಿಗೆ ಇದು ಉತ್ತರವಾಗಬಹುದಿತ್ತು. ಆದರೆ ಬ್ಯಾಟ್‌ಮ್ಯಾನ್ ಜೊತೆಗಿನ ದೈಹಿಕ ಸಂಬಂಧವನ್ನು ತುರುಕಿ, ಮುಂದಿನ ಕಥೆಗೆ ಅದರ ಎಳೆಯನ್ನೇ ಕಟ್ಟದೆ ಬಿಟ್ಟರು. ಎರಡು ಚಿತ್ರಗಳನ್ನು ಅಂಟು ಹಾಕಿದಂತಾಯಿತು.

ಹಿಗ್ಗಿಸಿಯೂ ಗೆದ್ದದ್ದು ‘ಸೂಪರ್‌ಮ್ಯಾನ್ ವರ್ಸಸ್ ದಿ ಎಲೀಟ್’ (2012). ಮೂಲ 2001ರ ‘ಆಕ್ಷನ್ ಕಾಮಿಕ್ಸ್’ 775ನೇ ಸಂಚಿಕೆ, ಅದೊಂದೇ. ಕಾಮಿಕ್ಸ್ ಬರೆದ ಜೋ ಕೆಲಿ ಅವರೇ ಚಿತ್ರಕಥೆಗೂ ಕೂತರು. ದುಷ್ಟರನ್ನು ಕೊಂದುಬಿಟ್ಟರೇನು ತಪ್ಪು ಎಂಬುದು ಮೂಲದ ಪ್ರಶ್ನೆ. ಸೇರಿಸಿದ ಭಾಗವೂ ಅದನ್ನೇ ಮತ್ತೆ ಮತ್ತೆ ಕೆದಕುತ್ತದೆ, ಹಾಗಾಗಿ ಹೊಲಿಗೆ ಕಾಣುವುದಿಲ್ಲ.

ಪ್ರಶ್ನೆ: ‘ದ ಡಾರ್ಕ್ ನೈಟ್ ರಿಟರ್ನ್ಸ್’ ಚಿತ್ರವನ್ನು ಎರಡು ಭಾಗ ಮಾಡಿದರು, ದೃಶ್ಯಗಳೂ ಹೆಚ್ಚುಕಡಿಮೆ ಎಲ್ಲ ಇವೆ. ಆದರೂ ಬ್ಯಾಟ್‌ಮ್ಯಾನ್ ಬೇರೆ ಮನುಷ್ಯನಂತೆ ಕಾಣುತ್ತಾನೆ. ನಮ್ಮ ಭ್ರಮೆಯೇ?

ಉತ್ತರ: ಭ್ರಮೆಯಲ್ಲ, ಸ್ವಗತ ಹೋಗಿದೆ. ಫ್ರಾಂಕ್ ಮಿಲ್ಲರ್ ಅವರ 1986ರ ಪುಸ್ತಕದಲ್ಲಿ ಮುದಿಯಾದ ಬ್ರೂಸ್ ವೇಯ್ನ್ (ಮುಖವಾಡದ ಹಿಂದಿನ ಬ್ಯಾಟ್‌ಮ್ಯಾನ್) ಒಳಗೊಳಗೇ ಮಾತಾಡುತ್ತಲೇ ಇರುತ್ತಾನೆ. ಒಂದು ಜಾಗ ನೋಡಿ: ಎದುರಾಳಿ ಬಂದೂಕು ಹಿಡಿದಿದ್ದಾನೆ. ಈ ಭಂಗಿಯಿಂದ ಪಾರಾಗಲು ಏಳು ದಾರಿಯಿವೆ ಎಂದು ಬ್ಯಾಟ್‌ಮ್ಯಾನ್ ಲೆಕ್ಕ ಹಾಕುತ್ತಾನೆ. ಮೂರರಲ್ಲಿ ಆಯುಧ ಬೀಳುತ್ತದೆ, ಮೂರರಲ್ಲಿ ಜೀವ ಹೋಗುತ್ತದೆ. ಉಳಿದದ್ದೊಂದು ಬರೀ ನೋವು ಕೊಡುವುದು, ಅವನು ಆರಿಸುವುದು ಅದನ್ನೇ. ಆ ಎಣಿಕೆಯಲ್ಲೇ ಅವನ ಕ್ರೌರ್ಯ, ಸಂಯಮ, ಒಂದಿಷ್ಟು ಚಪಲ ಮೂರೂ ಇವೆ. ಎಣಿಕೆ ತೆಗೆದರೆ ಉಳಿಯುವುದು ಒಂದು ಒದೆತ. 2012 ಮತ್ತು 2013ರಲ್ಲಿ ಬಂದ ಎರಡೂ ಭಾಗಗಳಲ್ಲಿ ನಿರ್ದೇಶಕ ಜೇ ಒಲಿವಾ ಈ ಸ್ವಗತವನ್ನು ಕೈಬಿಟ್ಟರು. ಹೊಡೆದಾಟ ಬಲು ಸೊಗಸಾಗಿದೆ, ಮನುಷ್ಯ ಮಾತ್ರ ಮುಚ್ಚಿಕೊಂಡಿದ್ದಾನೆ. ‘ಇಯರ್ ಒನ್’ನವರು ಸ್ವಗತ ಉಳಿಸಿಕೊಂಡರು. ಪೊಲೀಸ್ ಅಧಿಕಾರಿ ಗಾರ್ಡನ್ ಪಾತ್ರಕ್ಕೆ ಬ್ರಯನ್ ಕ್ರ್ಯಾನ್‌ಸ್ಟನ್ ಅವರ ದಣಿದ ದನಿ ಸಿಕ್ಕಿ ಗೆದ್ದಿತು. ಆದರೆ ಕಣ್ಣಿಗೆ ಕಾಣುವುದನ್ನೇ ಕಿವಿಗೂ ಹೇಳುವ ಜಾಗಗಳು ಅಲ್ಲಿ ಒಂದೆರಡಲ್ಲ.

ಇನ್ನೊಂದು ನಷ್ಟ ಪುಟದ ಆಕಾರದ್ದು. 1992ರಲ್ಲಿ ಸೂಪರ್‌ಮ್ಯಾನ್ ಸಾಯುವ ಕಥೆಯ ಕೊನೆಯ ಸಂಚಿಕೆಗಳನ್ನು ನೋಡಿ: ಒಂದರಲ್ಲಿ ಪುಟಕ್ಕೆ ನಾಲ್ಕು ಚಿತ್ರದ ಚೌಕಟ್ಟು, ಮುಂದಿನದರಲ್ಲಿ ಮೂರು, ಆಮೇಲೆ ಎರಡು. ಅವನು ಸಾಯುವ 75ನೇ ಸಂಚಿಕೆಯಲ್ಲಿ ಪುಟಕ್ಕೊಂದೇ ಚಿತ್ರ. ಸಾವಿನ ಗಳಿಗೆ ಹತ್ತಿರ ಬರುತ್ತಿರುವುದು ಓದುವವರ ಬೆರಳಿಗೇ ಗೊತ್ತಾಗುತ್ತದೆ. ಪರದೆಯ ಚೌಕ ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ. ಇದೇ ಕಥೆಯ 2007ರ ಚಿತ್ರಕ್ಕಾಗಲಿ 2018ರ ಚಿತ್ರಕ್ಕಾಗಲಿ ಆ ಎಣಿಕೆ ದಕ್ಕಲಿಲ್ಲ.

ಪ್ರಶ್ನೆ: ಕಥೆಯನ್ನೇ ಬದಲಿಸಿದರೆ ಅದು ಮೂಲಕ್ಕೆ ದ್ರೋಹವಲ್ಲವೇ?

ಉತ್ತರ: ‘ಅಂಡರ್ ದ ರೆಡ್ ಹುಡ್’ (2010) ನೋಡಿ. ಬ್ಯಾಟ್‌ಮ್ಯಾನ್‌ನ ಜೊತೆಗಾರ ರಾಬಿನ್ ಆಗಿದ್ದು ಸತ್ತ ಜೇಸನ್ ಟಾಡ್ ಬದುಕಿ ಬಂದದ್ದು ಹೇಗೆ ಎಂಬುದಕ್ಕೆ ಕಾಮಿಕ್ಸ್ ಕೊಟ್ಟ ಕಾರಣ ಇದು: ಬೇರೆಯದೇ ಒಂದು ಮಾಲಿಕೆಯಲ್ಲಿ ಸೂಪರ್‌ಬಾಯ್-ಪ್ರೈಮ್ ಎಂಬುವನು ವಾಸ್ತವದ ಗೋಡೆಗೆ ಗುದ್ದುತ್ತಾನೆ, ಅದರ ಅಲೆಗೆ ಜೇಸನ್ ಗೋರಿಯಲ್ಲಿ ಎದ್ದು ಕೂರುತ್ತಾನೆ. ಸತ್ತವರನ್ನು ಬದುಕಿಸುವ ಲಾಜರಸ್ ಕೊಳ ಅಲ್ಲೂ ಬರುತ್ತದೆ, ಆದರೆ ಎದ್ದವನ ಕೆಟ್ಟುಹೋಗಿದ್ದ ಮತಿಯನ್ನು ಸರಿಮಾಡಲು. ಚಿತ್ರ ಆ ಗುದ್ದನ್ನು ಕಿತ್ತೆಸೆದು, ತನ್ನಿಂದಲೇ ಹುಡುಗ ಸತ್ತ ಎಂಬ ಪಾಪಪ್ರಜ್ಞೆಯಿಂದ ಖಳನಾಯಕ ರಾಸ್ ಅಲ್ ಗುಲ್ ಅವನನ್ನು ಕೊಳಕ್ಕಿಳಿಸಿದ ಎಂದಿತು. ಬದಲಿಸಿದವರು ಬೇರೆ ಯಾರೂ ಅಲ್ಲ, ಕಾಮಿಕ್ಸ್ ಬರೆದ ಜಡ್ ವಿನಿಕ್ ಅವರೇ. ತಿದ್ದುಪಡಿಯೇ ಮೂಲಕ್ಕಿಂತ ಗಟ್ಟಿ ಎಂಬುದು ನಮ್ಮ ಅಭಿಪ್ರಾಯ.

ಪ್ರಶ್ನೆ: ‘ಸ್ಪೈಡರ್-ಮ್ಯಾನ್: ಇನ್‌ಟು ದ ಸ್ಪೈಡರ್-ವರ್ಸ್’ (2018) ಕಾಮಿಕ್ಸಿಗೆ ಅತಿ ನಿಷ್ಠವಾದ ಚಿತ್ರ ಎನ್ನುತ್ತಾರೆ. ನಿಜವೇ?

ಉತ್ತರ: ರೂಪದಲ್ಲಿ ಹೌದು, ಕಥೆಯಲ್ಲಿ ಅಷ್ಟಕ್ಕಷ್ಟೇ. 2014ರ ‘ಸ್ಪೈಡರ್-ವರ್ಸ್’ ಕಾಮಿಕ್ಸ್‌ನಲ್ಲಿ ಖಳರು ಜೇಡಮಾನವರನ್ನು ಬೇಟೆಯಾಡಿ ತಿನ್ನುವ ಮೋರ್ಲುನ್‌ನ ಕುಟುಂಬದವರು. ಚಿತ್ರದಲ್ಲಿ ಪಾತಕಿಗಳ ದೊರೆ ಕಿಂಗ್‌ಪಿನ್ ಮತ್ತವನ ಯಂತ್ರ. ಹೊಸ ಜೇಡಮಾನವನಾದ ಹುಡುಗ ಮೈಲ್ಸ್ ಮೊರಾಲಿಸ್‌ನ ಚಿಕ್ಕಪ್ಪ ಆರನ್ ಕಾಮಿಕ್ಸ್‌ನಲ್ಲಿ ಮೈಲ್ಸ್‌ನೊಡನೆಯೇ ಹೊಡೆದಾಡುತ್ತಾ, ತನ್ನ ಕೈಗವಸು ಸಿಡಿದು, ನೀನೂ ನನ್ನಂಥವನೇ ಎಂದು ಚುಚ್ಚಿ ಸಾಯುತ್ತಾನೆ. ಚಿತ್ರದಲ್ಲಿ ಹುಡುಗನನ್ನು ಕೊಲ್ಲಲು ಮನಸ್ಸಾಗದೆ, ಕಿಂಗ್‌ಪಿನ್‌ನ ಗುಂಡು ತಿಂದು, ಹರಸಿ ಸಾಯುತ್ತಾನೆ. ಒಂದೇ ಸಾವು, ಆದರೆ ಅಲ್ಲಿ ಅದು ಮೈಲ್ಸ್‌ನ ಎದೆಯಲ್ಲಿ ಮುಳ್ಳು, ಇಲ್ಲಿ ಬೆನ್ನಿಗೆ ಕೈ.

ರೂಪದ ವಿಚಾರಕ್ಕೆ ಬಂದರೆ, ಸೆಕೆಂಡಿಗೆ 24 ಫ್ರೇಮ್ ಓಡುವಾಗ ಬಹಳ ಕಡೆ ಪಾತ್ರದ ಭಂಗಿಯನ್ನು ಎರಡು ಫ್ರೇಮಿಗೊಮ್ಮೆ ಮಾತ್ರ ಬದಲಿಸಿದ್ದಾರೆ. ಅಂದರೆ 12 ಭಂಗಿ. ಕಾಡಿನಲ್ಲಿ ಓಡುವ ದೃಶ್ಯದಲ್ಲಿ ಪಳಗಿದ ಹಳೆಯ ಜೇಡಮಾನವ ಪೀಟರ್ 24ರಲ್ಲಿ ನುಣ್ಣಗೆ ಜೀಕುತ್ತಾನೆ, ಕಲಿಯುವ ಮೈಲ್ಸ್ 12ರಲ್ಲಿ ಮುಗ್ಗರಿಸುತ್ತಾನೆ. ದೂರದ ವಸ್ತುವನ್ನು ಮಸುಕು ಮಾಡುವ ಬದಲು, ಅಚ್ಚಿನಲ್ಲಿ ಬಣ್ಣ ಪಕ್ಕಕ್ಕೆ ಜಾರಿದಂತೆ ತೋರಿಸಿದ್ದಾರೆ. ಮೇಲೆ ಅಚ್ಚಿನ ಚುಕ್ಕಿಗಳು. ತಮಾಷೆಯೆಂದರೆ, ಮೈಲ್ಸ್ ಹುಟ್ಟಿದ್ದೇ 2011ರಲ್ಲಿ, ಬಣ್ಣವೆಲ್ಲ ಕಂಪ್ಯೂಟರಿನದಾದ ಮೇಲೆ. ಆ ಚುಕ್ಕಿ ಹಳೆಯ ಅಗ್ಗದ ಮುದ್ರಣದ್ದು, ಮೈಲ್ಸ್‌ನ ಪುಟಗಳದ್ದಲ್ಲ.

ಪ್ರಶ್ನೆ: ಅನಿಮೇಷನ್ನಿನಿಂದ ಕಾಮಿಕ್ಸಿಗೆ ಹೋದದ್ದೂ ಇದೆಯೇ?

ಉತ್ತರ: ಧಾರಾಳವಾಗಿ. ಖಳನಾಯಕಿ ಹಾರ್ಲಿ ಕ್ವಿನ್ 1992ರಲ್ಲಿ ಬ್ಯಾಟ್‌ಮ್ಯಾನ್‌ನ ಅನಿಮೇಷನ್ ಟಿವಿ ಸರಣಿಯಲ್ಲಿ ಹುಟ್ಟಿ ಆಮೇಲೆ ಪುಸ್ತಕಕ್ಕೆ ಬಂದವಳು. ಖಳನಾಯಕ ಮಿಸ್ಟರ್ ಫ್ರೀಜ್‌ಗೆ ಕಾಯಿಲೆಯ ಹೆಂಡತಿಯ ದುಃಖ ಅಂಟಿಸಿದ್ದೂ ಅದೇ ಸರಣಿ.

ಪ್ರಶ್ನೆ: ಪುಸ್ತಕ, ಚಿತ್ರ ಎರಡನ್ನೂ ಎದುರಿಟ್ಟು ಹೋಲಿಸಬೇಕೆಂದಿದ್ದೇನೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಇಡೀ ಚಿತ್ರ ಬೇಡ, ಒಂದೇ ದೃಶ್ಯ ಹಿಡಿಯಿರಿ, ನಾಲ್ಕರಿಂದ ಆರು ಪುಟದ್ದು. ಪುಸ್ತಕ ಮೊದಲು. ಚಿತ್ರ ಮೊದಲಾದರೆ ನಟರ ದನಿ ತಲೆಯಲ್ಲಿ ಕೂತು ಬಲೂನುಗಳನ್ನು ಅದೇ ಓದುತ್ತದೆ. ಚೌಕಟ್ಟುಗಳನ್ನು ಎಣಿಸಿ, ಮಾತಿಲ್ಲದವು ಎಷ್ಟು ಎಂದು ಬೇರೆಯಾಗಿ ಬರೆದುಕೊಳ್ಳಿ. ಆಮೇಲೆ ಚಿತ್ರದಲ್ಲಿ ಅದೇ ದೃಶ್ಯಕ್ಕೆ ಗಡಿಯಾರ ಹಿಡಿದು ಶಾಟ್ ಎಣಿಸಿ. ಮಾತಿಲ್ಲದ ಚೌಕಟ್ಟುಗಳು ಏನಾದವು ಎಂಬುದರ ಮೇಲೆ ಕಣ್ಣಿಡಿ, ಅವಸರದ ಚಿತ್ರ ಮೊದಲು ನುಂಗುವುದು ಅವನ್ನೇ.

ಯಾವ ಮುದ್ರಣ ಕೈಯಲ್ಲಿದೆ ಎಂಬುದನ್ನೂ ನೋಡಿಕೊಳ್ಳಿ. ‘ಕಿಲ್ಲಿಂಗ್ ಜೋಕ್’ಗೆ ಮೊದಲು ಬಣ್ಣ ಹಾಕಿದವರು ಜಾನ್ ಹಿಗಿನ್ಸ್, ಕಣ್ಣಿಗೆ ಹೊಡೆಯುವ ಹಳದಿ, ನೇರಳೆ. 2008ರ ಆವೃತ್ತಿಗೆ ಬೊಲ್ಯಾಂಡ್ ತಾವೇ ಕೂತು ಎಲ್ಲವನ್ನೂ ತಣ್ಣಗಾಗಿಸಿದರು. ನಿಮ್ಮಲ್ಲಿರುವುದು ಯಾವುದೆಂದು ಗೊತ್ತಾಗುವ ತನಕ ಚಿತ್ರದವರು ಬಣ್ಣ ಕೆಡಿಸಿದರು ಎಂದು ದೂರಬೇಡಿ.