ಮಂಗಳಕ್ಕೆ ಮನುಷ್ಯನೇ ಹೋಗಬೇಕಾ?

ಪ್ರಶ್ನೆ: ರೋವರ್‌ಗಳು ಇಷ್ಟು ಚೆನ್ನಾಗಿ ಕೆಲಸ ಮಾಡುತ್ತಿರುವಾಗ ಮಂಗಳಕ್ಕೆ ಮನುಷ್ಯರನ್ನು ಕಳಿಸುವುದು ಸುಮ್ನೆ ದುಡ್ಡು ದಂಡ ಅಲ್ವಾ?

ಉತ್ತರ: ದುಡ್ಡಿನ ಮಟ್ಟಿಗೆ ನಿಮ್ಮ ಮಾತು ಸರಿ. ರೋವರ್‌ಗೆ ಊಟ ಬೇಡ, ಗಾಳಿ ಬೇಡ, ಎಲ್ಲಕ್ಕಿಂತ ಮುಖ್ಯವಾಗಿ ವಾಪಸ್ ಬರುವ ರಾಕೆಟ್ ಬೇಡ. ಆದರೆ ‘ಚೆನ್ನಾಗಿ’ ಅನ್ನುವ ಮಾತಿಗೆ ನನ್ನ ತಕರಾರಿದೆ. 2004ರಲ್ಲಿ ಮಂಗಳದ ಮೇಲೆ ಇಳಿದ ಆಪರ್ಚುನಿಟಿ ರೋವರ್ 2018ರವರೆಗೆ ಓಡಾಡಿ ಕ್ರಮಿಸಿದ್ದು ಸುಮಾರು 45 ಕಿ.ಮೀ. ಅಷ್ಟೇ. 1972ರ ಡಿಸೆಂಬರ್‌ನಲ್ಲಿ ಅಪೋಲೊ 17ರ ಇಬ್ಬರು ಯಾತ್ರಿಗಳು ಚಂದ್ರನ ಮೇಲೆ ಮೂರೇ ದಿನದಲ್ಲಿ ಸುಮಾರು 35 ಕಿ.ಮೀ. ಬಂಡಿ ಓಡಿಸಿದ್ದರು. ಅವರಲ್ಲಿ ಒಬ್ಬರಾದ ಹ್ಯಾರಿಸನ್ ಶ್ಮಿಟ್ ಭೂವಿಜ್ಞಾನಿ. ಒಂದು ಕುಳಿಯ ಅಂಚಿನಲ್ಲಿ ಮಣ್ಣು ಕಿತ್ತಳೆ ಬಣ್ಣದಲ್ಲಿರುವುದು ಅವರ ಕಣ್ಣಿಗೆ ಬಿತ್ತು, ಅಲ್ಲೇ ಅಗೆದು ಮಾದರಿ ತೆಗೆದುಕೊಂಡರು. ಆಮೇಲೆ ನೋಡಿದರೆ ಅವು 350 ಕೋಟಿ ವರ್ಷಕ್ಕೂ ಹಿಂದೆ ಜ್ವಾಲಾಮುಖಿಯಿಂದ ಚಿಮ್ಮಿದ್ದ ಗಾಜಿನ ಕಣಗಳು.

ಇದಕ್ಕೆ ತದ್ವಿರುದ್ಧ ಕಥೆ ಇನ್‌ಸೈಟ್ ನೌಕೆಯದು. ಮಂಗಳದ ನೆಲದೊಳಗಿನ ಶಾಖ ಅಳೆಯಲು 5 ಮೀಟರ್‌ವರೆಗೆ ಇಳಿಯಬೇಕಿದ್ದ ಅದರ ಉಪಕರಣಕ್ಕೆ ಮಣ್ಣಿನಲ್ಲಿ ಹಿಡಿತವೇ ಸಿಗಲಿಲ್ಲ. ಯಂತ್ರದ ಕೈಯಿಂದ ಒತ್ತಿದರು, ತಳ್ಳಿದರು, ಸುಮಾರು ಎರಡು ವರ್ಷ ಹೆಣಗಾಡಿದರು. ಉಪಕರಣ ತನ್ನ ಉದ್ದದಷ್ಟು ಹುದುಗಿದ್ದೇ ಬಂತು. 2021ರ ಜನವರಿಯಲ್ಲಿ ಕೈಬಿಟ್ಟರು. ಪಕ್ಕದಲ್ಲಿ ಸಲಿಕೆ ಹಿಡಿದ ಒಬ್ಬ ಮನುಷ್ಯ ಇದ್ದಿದ್ದರೆ!

ಪ್ರಶ್ನೆ: ಭೂಮಿಯಿಂದಲೇ ರಿಮೋಟ್‌ನಲ್ಲಿ ನಡೆಸಿದರೆ ಆಗಲ್ವಾ?

ಉತ್ತರ: ರೇಡಿಯೊ ಸಂಕೇತ ಒಂದು ಕಡೆಗೆ ಹೋಗುವುದಕ್ಕೇ 3ರಿಂದ 22 ನಿಮಿಷ ಬೇಕು. ಮುಂದೆ ಹಳ್ಳ ಇದೆ ಅಂತ ಇಲ್ಲಿ ಗೊತ್ತಾಗುವ ಹೊತ್ತಿಗೆ ಚಕ್ರ ಹಳ್ಳದಲ್ಲಿರುತ್ತದೆ. ಅದಕ್ಕೇ ಇಡೀ ದಿನದ ಕೆಲಸದ ಪಟ್ಟಿಯನ್ನು ಒಟ್ಟಿಗೆ ಕಳಿಸಿ, ಏನಾಯಿತು ಅಂತ ಕಾಯುತ್ತಾರೆ.

ಪ್ರಶ್ನೆ: ಹೋದವರ ದೇಹ ತಡೆದುಕೊಳ್ಳುತ್ತದೆಯೇ?

ಉತ್ತರ: ನನಗೆ ನಿಜಕ್ಕೂ ಭಯ ಹುಟ್ಟಿಸುವ ಭಾಗ ಇದು. ಕ್ಯೂರಿಯಾಸಿಟಿ ರೋವರ್ ಮಂಗಳಕ್ಕೆ ಹೋಗುವಾಗ ದಾರಿಯುದ್ದಕ್ಕೂ ವಿಕಿರಣ ಅಳೆದಿತ್ತು. ಆ ಲೆಕ್ಕದಲ್ಲಿ ಬರೀ ಹೋಗಿಬರುವ ಪ್ರಯಾಣಕ್ಕೇ ಸುಮಾರು 0.66 ಸೀವರ್ಟ್ (ದೇಹಕ್ಕೆ ತಗಲುವ ವಿಕಿರಣದ ಅಳತೆ). ನಾಸಾ ಒಬ್ಬ ಗಗನಯಾತ್ರಿಯ ಇಡೀ ವೃತ್ತಿಗೆ ಇಟ್ಟಿರುವ ಮಿತಿ 0.6. ಅಂದರೆ ಒಂದೇ ಯಾತ್ರೆಯಲ್ಲಿ ಕೋಟಾ ಮುಗಿದು ಇನ್ನೂ ಜಾಸ್ತಿ. ತೂಕವಿಲ್ಲದ ಸ್ಥಿತಿಯಲ್ಲಿ ಮೂಳೆ ತಿಂಗಳಿಗೆ ಶೇ 1ರಷ್ಟು ಸವೆಯುವುದು ಬೇರೆ. ರಷ್ಯಾದ ಗಗನಯಾತ್ರಿ ವಲೇರಿ ಪೊಲ್ಯಕೋವ್ ಒಂದೇ ಸಲಕ್ಕೆ 437 ದಿನ ಬಾಹ್ಯಾಕಾಶದಲ್ಲಿದ್ದು ಬಂದರು, ನಿಜ, ಆದರೆ ಅವರಿಗೆ ಏನಾದರೂ ಆಗಿದ್ದರೆ ಭೂಮಿ ಕೆಳಗೇ ಇತ್ತು. ಮಂಗಳಕ್ಕೆ ಹೊರಡಲು ಅನುಕೂಲದ ಸಮಯ ಬರುವುದೇ 26 ತಿಂಗಳಿಗೊಮ್ಮೆ. ಮಧ್ಯದಲ್ಲಿ ಯಾರಿಗಾದರೂ ಹೊಟ್ಟೆನೋವು ಬಂತು ಅಂತ ವಾಪಸ್ ತಿರುಗುವ ಹಾಗಿಲ್ಲ.

ಪ್ರಶ್ನೆ: ಭೂಮಿ ಹಾಳಾದರೆ ಅಲ್ಲಿ ಬದುಕಬಹುದು ಅಂತಾರಲ್ಲ?

ಉತ್ತರ: ಇದನ್ನು ನಾನು ಕಾರಣವೆಂದೇ ಒಪ್ಪುವುದಿಲ್ಲ. ಅಲ್ಲಿನ ಗಾಳಿಯ ಒತ್ತಡ ನಮ್ಮದರ ಶೇ 1ಕ್ಕಿಂತ ಕಡಿಮೆ, ಮಣ್ಣಿನಲ್ಲಿ ಪರ್ಕ್ಲೊರೇಟ್ ಅನ್ನುವ ವಿಷಕಾರಿ ಲವಣ ಇದೆ. ಪರ್ಸಿವಿಯರೆನ್ಸ್ ರೋವರ್‌ನಲ್ಲಿದ್ದ ಮಾಕ್ಸಿ ಯಂತ್ರ ಅಲ್ಲಿನ ಗಾಳಿಯಿಂದಲೇ ಆಮ್ಲಜನಕ ತೆಗೆದು ತೋರಿಸಿತು. ಪ್ರಯೋಗವಾಗಿ ಸೊಗಸಾದ ಕೆಲಸ. ಆದರೆ ಒಟ್ಟು ಬಂದದ್ದು 122 ಗ್ರಾಂ, ಒಬ್ಬ ಮನುಷ್ಯನಿಗೆ ದಿನಕ್ಕೆ ಬೇಕಾಗುವುದು 800 ಗ್ರಾಂಗೂ ಜಾಸ್ತಿ.

ಪ್ರಶ್ನೆ: ಕೊನೆಗೆ ನಿಮ್ಮ ವೋಟು ಯಾವ ಕಡೆಗೆ?

ಉತ್ತರ: ಹೋಗಲಿ, ಆದರೆ ಈಗಲೇ ಇಳಿಯುವುದು ಬೇಡ. ಕಾರಣ ದುಡ್ಡೂ ಅಲ್ಲ, ಅಪಾಯವೂ ಅಲ್ಲ. ಗೊತ್ತಿದ್ದೂ ಅಪಾಯಕ್ಕೆ ಒಪ್ಪುವವರು ಯಾವಾಗಲೂ ಸಿಗುತ್ತಾರೆ. ನನ್ನ ಚಿಂತೆ ನಾವು ಜೊತೆಗೆ ಒಯ್ಯುವ ಸೂಕ್ಷ್ಮಜೀವಿಗಳದ್ದು. 1976ರಲ್ಲಿ ಇಳಿದ ಎರಡು ವೈಕಿಂಗ್ ನೌಕೆಗಳನ್ನು ಉಡಾವಣೆಗೆ ಮುಂಚೆ ಬಿಸಿಯಲ್ಲಿ ಕಾಯಿಸಿ ಶುದ್ಧ ಮಾಡಿದ್ದರು. ಮನುಷ್ಯನನ್ನು ಹಾಗೆ ಕಾಯಿಸಲು ಆಗುತ್ತದೆಯೇ? ನಮ್ಮ ಚರ್ಮ, ಉಸಿರು, ಕರುಳು ಎಲ್ಲದರಲ್ಲೂ ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾ ಇವೆ, ಎಷ್ಟೇ ಗಟ್ಟಿ ಸೂಟ್ ತೊಟ್ಟರೂ ಸ್ವಲ್ಪವಾದರೂ ಸೋರುತ್ತದೆ, ಆಮೇಲೆ ಮಂಗಳದ ಮಣ್ಣಿನಲ್ಲಿ ಒಂದು ಜೀವಕಣ ಸಿಕ್ಕರೆ ಅದು ಅಲ್ಲಿಯದೋ ನಮ್ಮದೋ ಅಂತ ಜಗಳ ಶುರುವಾಗುತ್ತದೆ. ಬೇರೆ ಗ್ರಹಗಳನ್ನು ಹಾನಿಯಾಗುವಂತೆ ಕಲುಷಿತಗೊಳಿಸಬಾರದು ಅಂತ 1967ರ ಬಾಹ್ಯಾಕಾಶ ಒಪ್ಪಂದದಲ್ಲೇ ಇದೆ.

ಪರ್ಸಿವಿಯರೆನ್ಸ್ 2024ರಲ್ಲಿ ಚುಕ್ಕೆಗಳಿರುವ ಒಂದು ಬಂಡೆ ಕೊರೆದು, ಮಾದರಿಯನ್ನು ಕೊಳವೆಯಲ್ಲಿ ತುಂಬಿಟ್ಟಿದೆ. ಹಳೆಯ ಜೀವಿಗಳ ಗುರುತು ಇರಬಹುದು ಅನ್ನುವ ಆಸೆ ಹುಟ್ಟಿಸಿದ ಬಂಡೆ ಅದು. ಆ ಕೊಳವೆಗಳನ್ನು ಭೂಮಿಗೆ ತರುವ ಯೋಜನೆ ಖರ್ಚಿನ ಕಾರಣಕ್ಕೆ ಎಡವುತ್ತಲೇ ಇದೆ. ಬೆರಳು ಗಾತ್ರದ ಕಲ್ಲಿನ ತುಂಡು ತರಲಾಗದವರು ಮನುಷ್ಯರನ್ನು ಕಳಿಸಿ ಸುರಕ್ಷಿತವಾಗಿ ಕರೆತರುತ್ತೇವೆ ಅಂದರೆ ನಂಬುವುದು ಹೇಗೆ? ಮೊದಲು ಅದನ್ನು ತರಲಿ.

ಆಮೇಲೂ ನೇರ ನೆಲಕ್ಕೇ ಇಳಿಯಬೇಕಿಲ್ಲ. ಮಂಗಳದ ಚಂದ್ರ ಫೋಬೊಸ್ ಅದರ ನೆಲದಿಂದ ಸುಮಾರು 6,000 ಕಿ.ಮೀ. ಎತ್ತರದಲ್ಲಿ ಸುತ್ತುತ್ತದೆ. ಅಲ್ಲಿ ಕೂತು ಕೆಳಗಿನ ರೋವರ್‌ಗಳನ್ನು ನಡೆಸಿದರೆ, ರೋವರ್ ಕಣ್ಣೆದುರು ಇರುವಷ್ಟು ಹೊತ್ತು ಸಂಕೇತ ಕ್ಷಣದೊಳಗೆ ತಲುಪುತ್ತದೆ, ನಮ್ಮ ಬ್ಯಾಕ್ಟೀರಿಯಾ ಮೇಲೇ ಉಳಿಯುತ್ತವೆ. ವಿಜ್ಞಾನಿಗಳ ನಡುವೆ ಈ ಯೋಚನೆ ಬಹಳ ಕಾಲದಿಂದ ಇದೆ. ಮಂಗಳದ ಮೇಲೆ ಬೂಟಿನ ಗುರುತಿನ ಫೋಟೊ ಸಿಗುವುದಿಲ್ಲವಲ್ಲ, ಅದಕ್ಕೇ ಇರಬೇಕು, ರಾಜಕಾರಣಿಗಳ ಬಾಯಲ್ಲಿ ಇದು ಬರುವುದು ಕಡಿಮೆ. ದಾರಿಯ ವಿಕಿರಣ ಮಾತ್ರ ಅಲ್ಲಿಗೆ ಹೋಗುವವರನ್ನೂ ಬಿಡುವುದಿಲ್ಲ.